ಕೆಂಪಣ್ಣನ ಮನೆಯಲ್ಲಿ ನಾನು ಸುಮ್ಮನೆ ಕೂತದ್ದು

ಸುಮ್ಮನೆ ಕೂರುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಹೊನ್ನವಳ್ಳಿಯಲ್ಲಿ ಯಾರೂ ಇಲ್ಲವೆಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಹಿಂದೊಮ್ಮೆ ಖಿನ್ನತೆ ಬಂದು, ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ ಮುಚ್ಚಿ, ಗೋಡೆಗೆ ಮುಖ ಮಾಡಿ ತಿಂಗಳುಗಟ್ಟಲೆ ಕೂತಿದ್ದವನು ನಾನು. ಮಾತ್ರೆ ನುಂಗಿ, ಡಾಕ್ಟರ ಮಾತು ಕೇಳಿ ಸರಿಹೋದೆ. ಆಮೇಲೆ ತಿಪಟೂರಿನಲ್ಲಿ ‘ಪೀರ್ ಸಪೋರ್ಟ್ ವರ್ಕರ್’ ತರಬೇತಿ ಶುರುವಾಯಿತು. ಈ ಕಾಯಿಲೆ ಅನುಭವಿಸಿ ಗುಣವಾದವರೇ, ಈಗ ಅನುಭವಿಸುತ್ತಿರುವವರ ಜೊತೆ ನಿಲ್ಲುವ ಕೆಲಸವಂತೆ. ನನಗೆಂದೇ ಹುಟ್ಟಿದ ಹುದ್ದೆ!

“ಮದ್ವೆ ಆದಾಗಿಂದ ನನ್ ಒಂದು ಮಾತೂ ಕಿವಿಗೆ ಹಾಕ್ಕೊಂಡೋರಲ್ಲ. ಈಗ ಊರೋರ ಮಾತು ಕೇಳಕ್ಕೆ ಟ್ರೈನಿಂಗಾ?” ಎಂದಳು ಹೆಂಡತಿ ಗಂಗಮ್ಮ.

“ಏನಂದೆ?” ಎಂದೆ. ನಿಜವಾಗಿಯೂ ಕೇಳಿಸಿರಲಿಲ್ಲ.

ತರಬೇತಿ ಕೊಡುವ ಮೇಡಂ ಹೇಳಿದ್ದನ್ನೆಲ್ಲ ನಾನು ಬಾಯಿಪಾಠ ಮಾಡಿದೆ. ಸಲಹೆ ಕೊಡಬಾರದು. ಮೌನಕ್ಕೆ ಹೆದರಬಾರದು. ಮೊಬೈಲು ಆಫ್ ಮಾಡಿರಬೇಕು. ಹೋದ ಮನೆಯಲ್ಲಿ ಏನನ್ನೂ ತೆಗೆದುಕೊಳ್ಳಬಾರದು. ಏನಾದರೂ ಕೇಳಿದರೆ ನಮ್ಮ ಅಭಿಪ್ರಾಯ ತುರುಕದೆ, ಅವರಿಗೇನನ್ನಿಸುತ್ತಿದೆ ಎಂದೇ ವಾಪಸ್ ಕೇಳಬೇಕು.

ನನ್ನ ಮೊದಲ ಭೇಟಿಗೆ ಸಿಕ್ಕವರು ಮಾಯಸಂದ್ರದ ಹತ್ತಿರದ ಹಳ್ಳಿಯ ಟೈಲರ್ ಕೆಂಪಣ್ಣ. ಹೊಲಿಗೆ ಮೆಷಿನ್ನಿಗೆ ಬಟ್ಟೆ ಮುಚ್ಚಿ, ಮಾತ್ರೆ ನಿಲ್ಲಿಸಿ, ಹೊಸಿಲು ದಾಟದೆ ಕೂತಿದ್ದರು. ಹೆಂಡತಿ ಜಯಮ್ಮನ ಹತ್ತಿರವೂ ಮಾತಿಲ್ಲ. “ಅವರು ಮತ್ತೆ ಡಾಕ್ಟರ ಹತ್ತಿರ ಬಂದರೆ ಸಾಕು” ಎಂದರು ಮೇಡಂ. ನನಗೂ ಅದೇ ಆಸೆ. ನಾನು ಗೋಡೆ ನೋಡುತ್ತಾ ಕೂತಿದ್ದಾಗ ಪಕ್ಕದಲ್ಲಿ ಬಂದು ಕೂತವರು ಯಾರೂ ಇರಲಿಲ್ಲ. ಆ ಸಂಕಟ ಇನ್ನೊಬ್ಬರಿಗೆ ಬೇಡ ಅನ್ನಿಸುತ್ತಿತ್ತು.

ನಾನು ಸೋಮವಾರ ಬರುವುದಾಗಿ ಆಶಾ ಕಾರ್ಯಕರ್ತೆ ಆ ಮನೆಗೆ ತಿಳಿಸುವವರಿದ್ದರು. ಉತ್ಸಾಹ ತಡೆಯಲಾರದೆ ನಾನು ಭಾನುವಾರವೇ ಬೈಕು ಹತ್ತಿದೆ. ಗೌರವಯುತವಾಗಿ ಕಾಣಲೆಂದು ಬಿಳಿ ಪಂಚೆ, ಬಿಳಿ ಅಂಗಿ!

“ಯಾವೂರಾಯ್ತು?” ಎಂದು ಕೇಳಿದರು ಜಯಮ್ಮ.

“ಹೊನ್ನವಳ್ಳಿ. ಕೆಂಪಣ್ಣೋರ ಜೊತೆ ಸ್ವಲ್ಪ ಹೊತ್ತು ಕೂರಾಣ ಅಂತ ಬಂದೆ.”

ಜಯಮ್ಮನ ಮುಖ ಸ್ವಲ್ಪ ಬಿಳುಚಿತು. ಕಾಫಿ ತರಲು ಹೊರಟರು. ಬೇಡವೆಂದೆ. ನೀರು? ಅದೂ ಬೇಡವೆಂದೆ. ಕೆಂಪಣ್ಣ ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ನಾನು ಮೊಬೈಲು ಆಫ್ ಮಾಡಿ ಅವರ ಪಕ್ಕ ಕೂತೆ. ಮಾತಾಡಲಿಲ್ಲ. ಮೇಡಂ ನೋಡಿದ್ದರೆ ಅಲ್ಲೇ ಸರ್ಟಿಫಿಕೇಟ್ ಕೊಡುತ್ತಿದ್ದರು, ಅಂಥ ಮೌನ.

ಜಯಮ್ಮ ಕಂಬ ಹಿಡಿದುಕೊಂಡು ಕೇಳಿದರು. “ಅಲ್ಲಿ ನಮ್ ಗೌರಕ್ಕ ಚೆನ್ನಾಗವ್ರಾ?”

ಕೆಂಪಣ್ಣನ ಅಕ್ಕನನ್ನು ನಮ್ಮೂರಿಗೇ ಕೊಟ್ಟಿದ್ದಾರೆಂಬುದು ನನಗೆ ಆಗಲೇ ಗೊತ್ತಾದದ್ದು. ಆದರೆ ನಿಯಮ ನಿಯಮವೇ. ಮೆತ್ತಗೆ ಕೇಳಿದೆ. “ಗೌರಕ್ಕನ ಬಗ್ಗೆ ನಿಮಗೆ ಏನನ್ನಿಸ್ತಿದೆ?”

ಅವರ ಕಣ್ಣಲ್ಲಿ ನೀರು ತುಂಬಿತು. ಅದಕ್ಕೂ ಪಾಠವಾಗಿತ್ತು. “ಅಳು ಬಂದ್ರೆ ತಡ್ಕಬೇಡಿ. ಅತ್ಬುಡಿ” ಎಂದೆ.

“ಅಯ್ಯಯ್ಯೋ, ಗೌರಕ್ಕಾ!”

ಆ ಕೂಗಿಗೆ ಬೀದಿಯೇ ಒಳಗೆ ಬಂತು. ನನಗೆ ಹೊಳೆದದ್ದು ಆಗ. ನಮ್ಮ ಕಡೆ ಸಾವಿನ ಸುದ್ದಿಯನ್ನು ಯಾರೂ ನೇರವಾಗಿ ಹೇಳುವುದಿಲ್ಲ. ತಂದವನು ಹೀಗೇ ಬರುತ್ತಾನೆ, ಕಾಫಿ ಮುಟ್ಟುವುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ಸುಮ್ಮನೆ ಕೂರುತ್ತಾನೆ. ಮೇಡಂ ಕಲಿಸಿದ್ದನ್ನು ನಾನು ಒಂದೂ ಬಿಡದೆ ಮಾಡಿದ್ದೆ.

“ಏನೂ ಆಗಿಲ್ಲ ಕಣ್ರಪ್ಪೋ!” ಎಂದು ಕೂಗಿದೆ.

ಪಕ್ಕದ ಮನೆಯ ಯಜಮಾನರು ನನ್ನ ಕೈ ಹಿಡಿದುಕೊಂಡರು. “ಎಲ್ರೂ ಹಂಗೇ ಹೇಳೋದು ಬುಡಿ. ಯಾವಾಗ ಹೋಯ್ತು ಜೀವ?”

ಗೌರಕ್ಕನಿಗೆ ಫೋನು ಮಾಡಿದರು. ಎತ್ತಲಿಲ್ಲ. ಅನುಮಾನಕ್ಕೆ ಇನ್ನು ಜಾಗವೆಲ್ಲಿ? ಟೆಂಪೋ ಬಂತು. ಅಷ್ಟು ದಿನ ಹೊಸಿಲು ದಾಟದ ಕೆಂಪಣ್ಣ ಎಲ್ಲರಿಗಿಂತ ಮೊದಲು ಹತ್ತಿ ಕೂತರು. ನನ್ನನ್ನು ಡ್ರೈವರ್ ಪಕ್ಕ ಕೂರಿಸಿದರು. ದಾರಿಯುದ್ದಕ್ಕೂ ನಾನು ಆಣೆ ಇಟ್ಟೆ, ಕೈ ಮುಗಿದೆ. ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎಂದು ನನ್ನ ಬೆನ್ನು ಸವರಿದರು. ತುರುವೇಕೆರೆಯಲ್ಲಿ ಗಾಡಿ ನಿಲ್ಲಿಸಿ ದೊಡ್ಡದೊಂದು ಹಾರವನ್ನೂ ತಂದರು!

ಹೊನ್ನವಳ್ಳಿಯಲ್ಲಿ ಇಳಿದಾಗ ಗೌರಕ್ಕ ತೋಟದಿಂದ ಹಸು ಹಿಡಿದುಕೊಂಡು ಬರುತ್ತಿದ್ದರು. ಅಳು ಗಕ್ಕನೆ ನಿಂತಿತು.

“ಏನ್ಲಾ ಕೆಂಪ, ಊರೆಲ್ಲ ಕರ್ಕಂಡು ಬಂದಿದೀಯ? ಹಾರ ಯಾರಿಗ್ಲಾ?”

ಎಲ್ಲರೂ ನನ್ನ ಕಡೆ ನೋಡಿದರು. ಯಜಮಾನರು ಹಾರ ತಂದು ನನ್ನ ಕೈಗೆ ಕೊಟ್ಟರು.

ಅಷ್ಟರಲ್ಲಿ ಕೆಂಪಣ್ಣ ಅಕ್ಕನ ಹೆಗಲಿಗೆ ತಲೆ ಇಟ್ಟು ಬಿಕ್ಕತೊಡಗಿದ್ದರು. “ಬೆಳಿಗ್ಗೆ ಎದ್ದು ಕೂರಕ್ಕೂ ಆಗ್ತಿಲ್ಲ ಕಣಕ್ಕ. ಅಂಗಡಿ ಬಾಗ್ಲು ಅಂದ್ರೆ ಹೆದ್ರಿಕೆ. ಯಾರ್ ಹತ್ರ ಹೇಳ್ಕಳ್ಳಲಿ? ನೀನೂ ಹೋಗ್ಬುಟ್ಟೆ ಅಂದ್ರಲ್ಲ...”

ಗೌರಕ್ಕ ಹಸುವಿನ ಹಗ್ಗ ಬಿಟ್ಟು ತಮ್ಮನನ್ನು ಜಗಲಿಯ ಮೇಲೆ ಕೂರಿಸಿಕೊಂಡರು. ಬುದ್ಧಿವಾದ ಹೇಳಲಿಲ್ಲ. “ಹೇಳು ಮಗ” ಎಂದಷ್ಟೇ ಹೇಳಿ ಕೈ ಹಿಡಿದು ಕೂತರು. ನಾನು ಮಾಡಬೇಕಾಗಿದ್ದ ಕೆಲಸ ನನ್ನ ಕಣ್ಣೆದುರೇ ಇಷ್ಟು ಚೆನ್ನಾಗಿ ನಡೆಯುತ್ತಿತ್ತು. ಇನ್ನೂ ನೋಡುತ್ತಿದ್ದೆನೇನೋ, ಟೆಂಪೋದವನು ಬಾಡಿಗೆಗೆ ನನ್ನ ಅಂಗಿ ಹಿಡಿದುಕೊಂಡ. ಹಸುವೂ ತಪ್ಪಿಸಿಕೊಂಡಿತ್ತು, ಅದನ್ನು ಹುಡುಕಿ ತರುವ ಕೆಲಸವನ್ನೂ ನನಗೇ ವಹಿಸಿದರು.

ಮರುವಾರ ಗೌರಕ್ಕ ತಮ್ಮನನ್ನು ತಿಪಟೂರಿನ ಆಸ್ಪತ್ರೆಗೆ ಕರೆತಂದರು. ನಾನೂ ಅಲ್ಲೇ ಬೆಂಚಿನ ಮೇಲಿದ್ದೆ. ಪಕ್ಕದಲ್ಲಿ ಮೇಡಂ ನಿಂತಿದ್ದರು. ನಡೆದದ್ದನ್ನೆಲ್ಲ ಒಪ್ಪಿಸಿ, ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿ ಕೂತಿದ್ದೆ. ಕೆಂಪಣ್ಣ ನನ್ನನ್ನು ನೋಡಿ ನಿಂತರು. ಸರದಿ ಅವರದೇ ಆಗಿದ್ದರೂ ನರ್ಸನ್ನು ಕರೆದರು.

“ಸಿಸ್ಟರ್, ಮೊದ್ಲು ಇವ್ರನ್ನ ಒಳಕ್ಕೆ ಕಳ್ಸಿ. ನಾನು ಕಾಯ್ತೀನಿ, ನಂಗೆ ಪರ್ವಾಗಿಲ್ಲ. ಪಾಪ, ಇವ್ರದ್ದು ಭಾಳ ಜಾಸ್ತಿ ಆಗೈತೆ.”

ಸಹಾಯಕ್ಕೆಂದು ಮೇಡಂ ಕಡೆ ನೋಡಿದೆ. ಅವರು ಆಗಲೇ ಕೆಂಪಣ್ಣನನ್ನು ಕೇಳುತ್ತಿದ್ದರು. “ಸರ್, ಪೂರ್ತಿ ಹುಷಾರಾದ ಮೇಲೆ ನಮ್ಮ ಮುಂದಿನ ಬ್ಯಾಚಿಗೆ ಸೇರ್ತೀರಾ?”

ನರ್ಸ್ ನನ್ನ ಹೆಸರು ಕೇಳಿ ಚೀಟಿ ಬರೆದರು. ನಾನು ಎದ್ದು ಒಳಗೆ ಹೋದೆ.