ಹ್ಯಾಂಡಲ್ ಮುಟ್ಬೇಡಿ, ಅಳಿಯಂದ್ರೇ

ಸ್ಮಶಾನಕ್ಕೆ ಹೋಗಿ ಬಂದ ಮನುಷ್ಯರು ತಲೆಗೆ ನೀರು ಹಾಕಿಕೊಳ್ಳಬೇಕು, ಒಪ್ಪೋಣ. ಸ್ಮಶಾನಕ್ಕೆ ಹೋಗಿ ಬಂದ ಕಾರಿಗೂ ಸ್ನಾನ ಆಗಬೇಕು ಎಂದು ಭಾಗೀರಥಮ್ಮನವರು ಹಟ ಹಿಡಿಯದೇ ಇದ್ದಿದ್ದರೆ, ಆ ಬುಧವಾರ ಅವರ ಅಳಿಯ ಚಕ್ರಪಾಣಿಗೆ ಅಷ್ಟೆಲ್ಲ ಗ್ರಹಚಾರ ಸುತ್ತಿಕೊಳ್ಳುತ್ತಿರಲಿಲ್ಲ.

"ನಾನು ಕೂತ್ಕೊಳ್ಳೋ ಕಾರು. ಎರಡು ಕೊಡ ನೀರು ಹುಯ್ದ್ರೆ ನಿಮ್ಮ ಗಂಟೇನು ಹೋಗತ್ತೆ?" ಎಂದರು ಆಕೆ, ಚಾಮರಾಜಪೇಟೆಯ ಮನೆಯ ಜಗಲಿಯ ಮೇಲೆ ನಿಂತು.

ಗಂಡನನ್ನು ಕಳೆದುಕೊಂಡು ಮೂರು ದಿನವಾಗದ ಹೆಂಗಸಿನ ಜೊತೆ ವಾದ ಮಾಡುವುದುಂಟೇ? ಚಕ್ರಪಾಣಿ ತೆಪ್ಪಗೆ ನೀರು ಹುಯ್ದ. ಎಲ್ಲರ ಮೈಲಿಗೆ ಕೈ ಬಿದ್ದದ್ದು ಹ್ಯಾಂಡಲ್ಲಿನ ಮೇಲೇ ತಾನೇ ಎಂದುಕೊಂಡು ನಾಲ್ಕು ಬಾಗಿಲ ಹ್ಯಾಂಡಲ್ಲಿಗೂ ಭಕ್ತಿಯಿಂದ ಅಭಿಷೇಕ ಮಾಡಿದ.

ಅದು ಮಾವನವರ ಕಾರು. ಕೀಲಿ ಹಾಕಿ ತಿರುಗಿಸುವ ತಾಪತ್ರಯ ಇಲ್ಲದ್ದು. ಬೆಂಕಿಪೊಟ್ಟಣದಷ್ಟು ದೊಡ್ಡ ರಿಮೋಟು ಮೈಮೇಲೆ ಇದ್ದರಾಯಿತು, ಹ್ಯಾಂಡಲ್ ಮುಟ್ಟಿದ ಕೂಡಲೇ ಬಾಗಿಲು ತೆರೆಯುತ್ತಿತ್ತು. ಬಾಗಿಲು ಹಾಕಿ ಬಿಟ್ಟರೆ ಸ್ವಲ್ಪ ಹೊತ್ತಿಗೆ ತಾನೇ ಲಾಕ್ ಮಾಡಿಕೊಳ್ಳುತ್ತಿತ್ತು. ತೆರೆಯುವ ಸುಖ ಮಾತ್ರ ಹೊಸದರಲ್ಲಷ್ಟೇ. ಆಮೇಲೆ ಹ್ಯಾಂಡಲ್ಲುಗಳು ಒಂದೊಂದಾಗಿ ಮುನಿಸಿಕೊಂಡವು. ರಿಮೋಟಿನ ಗುಂಡಿಯೋ, ಒತ್ತಿ ಒತ್ತಿ ಸವೆದುಹೋಯಿತು. ಹೇಗೆ ಮುಟ್ಟಿದರೆ ಬಾಗಿಲು ತೆರೆಯುತ್ತದೆ ಎಂಬ ಮರ್ಮ ಮಾವನವರೊಬ್ಬರಿಗೇ ಗೊತ್ತು. ಅಳಿಯ ಹತ್ತಿರ ಬಂದರೆ ಸಾಕು, "ಹ್ಯಾಂಡಲ್ ಮುಟ್ಬೇಡಿ, ಅಳಿಯಂದ್ರೇ" ಎನ್ನುತ್ತಿದ್ದರು. ಮದುವೆಯಲ್ಲಿ, ಮುಂಜಿಯಲ್ಲಿ, ನಾಲ್ಕು ಜನರ ಎದುರಿಗೆ. ವಿಮಾ ಕಚೇರಿಯ ಗುಮಾಸ್ತ ಚಕ್ರಪಾಣಿ ಪ್ರತಿಸಲವೂ ಹಲ್ಲು ಕಿರಿದು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ರಾತ್ರಿ ಹೆಂಡತಿ ದೀಪ್ತಿಯ ಮೇಲೆ ಸಿಡುಕುತ್ತಿದ್ದ.

ಗಂಡುಮಕ್ಕಳಿಲ್ಲದ ಮಾವನವರ ಕರ್ಮ ಅಳಿಯನ ಪಾಲಿಗೇ ಬಂತು. "ವೈಕುಂಠ ಸಮಾರಾಧನೆವರೆಗೂ ಒಂದು ಲೋಪ ಇಲ್ದೆ ನಡೆಸಿಕೊಡಿ, ಕಾರು ನಿಮಗೇ" ಎಂದಿದ್ದರು ಭಾಗೀರಥಮ್ಮ. ಚಕ್ರಪಾಣಿಗೆ ಕಾರಿನ ಆಸೆಗಿಂತ ಹೆಚ್ಚಾಗಿ, ಆ ಹ್ಯಾಂಡಲ್ಲನ್ನು ಯಾರೂ ಬೇಡವೆನ್ನದೆ ಒಂದು ಸಲ ಮುಟ್ಟಬೇಕೆಂಬ ಆಸೆ.

ಬೆಳಗ್ಗೆ ಅತ್ತೆಯಿಂದ "ಹುಷಾರು, ಹುಷಾರು" ಎನಿಸಿಕೊಳ್ಳುತ್ತಲೇ ಹತ್ತು ಸಲ ಹ್ಯಾಂಡಲ್ ತಡಕಿ ಹೇಗೋ ಬಾಗಿಲು ತೆರೆದು, ಚಿತಾಗಾರದಿಂದ ಅಸ್ಥಿ ತಂದಾಗಿತ್ತು. ಅಸ್ಥಿ ಮನೆಯ ಹೊಸ್ತಿಲು ದಾಟಬಾರದಲ್ಲ, ಬಿಳಿ ಬಟ್ಟೆ ಕಟ್ಟಿದ ಕುಡಿಕೆಯನ್ನು ಹಿಂದಿನ ಸೀಟಿನಲ್ಲೇ ಬೆಲ್ಟು ಬಿಗಿದು ಕೂರಿಸಿದ್ದ. ಹನ್ನೆರಡಕ್ಕೆ ರಾಹುಕಾಲ, ಅಷ್ಟರೊಳಗೆ ಶ್ರೀರಂಗಪಟ್ಟಣ ಸೇರಬೇಕೆಂದು ಪುರೋಹಿತರು ಕಟ್ಟಪ್ಪಣೆ ಮಾಡಿದ್ದರು. ಕಾರಿಗೆ ಸ್ನಾನವಾಯಿತು, ತಾನೂ ಸ್ನಾನ ಮಾಡಿದ, ಒದ್ದೆ ಪಂಚೆ ಬಿಟ್ಟು ಒಣ ಪಂಚೆ ಉಟ್ಟ. ಪಂಚೆಗೆ ಜೇಬೆಲ್ಲಿ? ರಿಮೋಟನ್ನು ಸೊಂಟದ ಮಡಿಕೆಗೆ ಭದ್ರವಾಗಿ ಸಿಕ್ಕಿಸಿಕೊಂಡು ಬಂದು ಹ್ಯಾಂಡಲ್ ಮುಟ್ಟಿದ.

ಇಲ್ಲ. ಮತ್ತೊಂದು ಬಾಗಿಲು. ಅದೂ ಇಲ್ಲ. ನಾಲ್ಕೂ ಬಾಗಿಲು ಸುತ್ತಿ ಬಂದ. ಒಳಗೆ ಮಾವನವರು ಬೆಲ್ಟು ಕಟ್ಟಿಕೊಂಡು ನಿರುಮ್ಮಳವಾಗಿ ಕೂತಿದ್ದರು.

ಎದುರುಮನೆಯ ರಾಮಾಂಜಿನಪ್ಪ ಹಲ್ಲುಜ್ಜುತ್ತಲೇ ಬಂದ. ಸೈಟು ವ್ಯಾಪಾರದವನು, ಯಾರ ಮನೆಯ ಬಾಗಿಲಾದರೂ ತನ್ನದೇ ಎಂಬ ಅಭ್ಯಾಸ.

"ಏನ್ ಸಾಮಿ, ರಾಯರು ಒಳಗಿಂದ ಚಿಲಕ ಹಾಕ್ಕೊಂಡ್ರಾ?"

"ಸುಮ್ನಿರಿ ರಾಮಾಂಜಿನಪ್ಪನೋರೇ. ಹ್ಯಾಂಡಲ್‌ಗೆ ನೀರು ಹೋಗಿದೆ ಅನ್ಸತ್ತೆ."

"ನೀರಾ? ಕರೆಂಟ್ ಇರೋದಕ್ಕೆ ಯಾರಾದ್ರೂ ನೀರು ಹುಯ್ತಾರಾ? ಯಾವನ್ ಸಾಮಿ ಹುಯ್ದೋನು?"

ಚಕ್ರಪಾಣಿ ಅತ್ತೆಯ ಕಡೆ ನೋಡಿದ. ಅತ್ತೆ ಆಕಾಶ ನೋಡಿದರು.

ಪಕ್ಕದ ಮನೆಯ ಕೋಕಿಲಾ ಟೀಚರು ಕೂದಲು ಒಣಗಿಸುವ ಯಂತ್ರ ತಂದರು. ಅದರ ವೈರು ಗೇಟಿನವರೆಗೆ ಮಾತ್ರ ಬಂತು. ರಾಮಾಂಜಿನಪ್ಪ ಹ್ಯಾಂಡಲ್ಲಿಗೆ ಬಾಯಿಟ್ಟು ಊದಿದ. ಟೂತ್‌ಪೇಸ್ಟಿನ ನೊರೆ ಅಂಟಿತು. ಹಾಲು ತರಲು ಹೊರಟವರು, ವಾಕಿಂಗ್ ಮುಗಿಸಿದವರು ಎಲ್ಲ ಸೇರಿದರು. ಒಬ್ಬೊಬ್ಬರೂ ಬಂದು ಹ್ಯಾಂಡಲ್ ಎಳೆದು, ಗಾಜಿಗೆ ಮೂಗು ಒತ್ತಿ ಕುಡಿಕೆ ನೋಡಿ, "ಪಾಪ, ಒಳ್ಳೇ ಮನುಷ್ಯರು" ಎಂದು ಹೋಗುತ್ತಿದ್ದರು. ಬದುಕಿದ್ದಾಗ ಯಾರಿಗೂ ಮುಟ್ಟಗೊಡದ ಹ್ಯಾಂಡಲ್ಲನ್ನು ಇಡೀ ಬೀದಿ ಮುಟ್ಟಿತು. ತೆರೆಯಲಿಲ್ಲ.

"ಗಾಜು ಒಡೆದುಬಿಡ್ಲಾ ಅತ್ತೆ?"

"ಅವರ ಕಾರಿನ ಗಾಜನ್ನಾ?" ಭಾಗೀರಥಮ್ಮ ಕಾರಿಗೆ ಅಡ್ಡ ಬಂದು ನಿಂತರು. "ನನ್ನ ತಲೆ ಒಡೀರಿ ಮೊದಲು."

ಪುರೋಹಿತರ ಫೋನು ಬಂತು. ಹೊರಟಿರಾ? ಹೊರಡ್ತಾ ಇದೀವಿ ಎಂದ ಚಕ್ರಪಾಣಿ. ಅವನಿಗೆ ಅಳು ಬರುವಂತಾಯಿತು. ಮೂರನೇ ದಿನಕ್ಕೇ ಲೋಪವಾಯಿತಲ್ಲ! ನೆಂಟರಿಷ್ಟರೆಲ್ಲ ಇನ್ನು ಇಪ್ಪತ್ತು ವರ್ಷ ಇದನ್ನೇ ಹೇಳಿಕೊಂಡು ನಗುತ್ತಾರೆ.

"ಅಯ್ಯೋ, ಇಂಥ ರಿಮೋಟ್ ಒಳಗೆ ಒಂದು ಕಬ್ಬಿಣದ ಕೀ ಇರ್ತದೆ ಸಾಮಿ, ನಮ್ಮ ಭಾಮೈದನ ಕಾರಲ್ಲಿ ನೋಡಿದೀನಿ," ಎಂದು ರಾಮಾಂಜಿನಪ್ಪ ರಿಮೋಟು ಕಿತ್ತುಕೊಂಡು ಅದರ ಬೆನ್ನು ಬಿಚ್ಚಿದ. ಕೀ ಇರಬೇಕಾದ ಗೂಡು ಖಾಲಿ.

ಎಲ್ಲರೂ ಚಕ್ರಪಾಣಿಯನ್ನು ಕಳ್ಳನಂತೆ ನೋಡಿದರು.

"ಅವರನ್ಯಾಕೆ ನೋಡ್ತೀರಿ?" ಎಂದರು ಭಾಗೀರಥಮ್ಮ ಮೆಲ್ಲಗೆ. "ನಾನೇ ತೆಗೆದೆ. ಕಾರು ಅಂದ್ರೆ ಪ್ರಾಣ ಅವರಿಗೆ. ಬರಿಗೈಲಿ ಹೇಗೆ ಕಳಿಸ್ಲಿ? ರಿಮೋಟಿನ ಸೆಲ್ಲು, ಪ್ಲಾಸ್ಟಿಕ್ಕು ಏನೂ ಇಡಬಾರದು ಅಂದ್ರು ಚಿತಾಗಾರದೋರು. ಅದಕ್ಕೇ ಕಬ್ಬಿಣದ ಕೀ ಒಂದನ್ನೇ ಅವರ ಮುಷ್ಟೀಲಿಟ್ಟೆ."

"ಹಾಗಾದ್ರೆ ಸುಟ್ಟೋಯ್ತು," ಎಂದರು ಕೋಕಿಲಾ.

"ಇಲ್ಲ," ಎಂದ ಚಕ್ರಪಾಣಿ. "ಬೆಳಗ್ಗೆ ಅಸ್ಥಿ ಜೊತೆ ಒಂದು ಕಬ್ಬಿಣದ ಚೂರು ಕೊಟ್ರು. ಯಾವುದೋ ಆಪರೇಷನ್ನಿಂದು ಅಂದ್ಕೊಂಡು ಕುಡಿಕೇಲೇ ಹಾಕ್ದೆ."

ಬೀದಿಗೆ ಬೀದಿಯೇ ತಿರುಗಿ ಹಿಂದಿನ ಸೀಟಿನ ಕಡೆ ನೋಡಿತು. ಕಾರಿನ ಕೀ ಕುಡಿಕೆಯಲ್ಲಿ, ಕುಡಿಕೆ ಕಾರಿನಲ್ಲಿ.

ಕೊನೆಗೆ ಕೋಕಿಲಾ ಅವರ ಅಡುಗೆಮನೆಯಿಂದ ಮರದ ಸೌಟು ಬಂತು, ಅವರ ಹಿತ್ತಲಿನಿಂದ ಬಟ್ಟೆ ಒಣಹಾಕುವ ತಂತಿ ಬಂತು. ರಾಮಾಂಜಿನಪ್ಪ ಸೌಟನ್ನು ಬಾಗಿಲ ಸಂದಿಗೆ ತುರುಕಿ, ತಂತಿ ಇಳಿಬಿಟ್ಟು, ಒಳಗಿನ ಹಿಡಿಗೆ ಕೊಕ್ಕೆ ಹಾಕಿ ಎಳೆದ. ಬಾಗಿಲು ತೆರೆಯಿತು. ಅದೇ ಕ್ಷಣ ಕಾರು ಊರು ಹಾರಿಹೋಗುವಂತೆ ಅರಚತೊಡಗಿತು.

"ಕಳ್ಳರು ಅಂದ್ಕೊಂಡದೆ ಸಾಮಿ! ಕೀ ಹಾಕಿ ತಿರುಗಿಸೋಗಂಟ ನಿಲ್ಲಲ್ಲ, ಸ್ಟಾರ್ಟೂ ಆಗಲ್ಲ!"

ಆ ಅರಚಾಟದ ನಡುವೆಯೇ ಚಕ್ರಪಾಣಿ ಬಿಳಿ ಬಟ್ಟೆ ಬಿಚ್ಚಿ ಕುಡಿಕೆಯೊಳಗೆ ಕೈಯಿಟ್ಟ. ಬೂದಿ ತಣ್ಣಗಿತ್ತು. ಇಷ್ಟು ದಿನ ಸಾವು ಅವನಿಗೆ ಓಡಾಟವಾಗಿತ್ತು, ಅಷ್ಟೆ. ಈಗ ಬೆರಳಿಗೆ ಎಲುಬಿನ ಚೂರು ತಗುಲಿದಾಗ, ತನಗೆ ಬೈಯಲು ಇನ್ನು ಆ ಮನುಷ್ಯ ಇಲ್ಲ ಎಂದು ಹೊಳೆದು ಕಣ್ಣು ತುಂಬಿ ಬಂತು. ಕರ್ರಗಾದ ಕೀ ಸಿಕ್ಕಿತು. ಹ್ಯಾಂಡಲ್ಲಿನ ಕೆಳಗೆ ಅಡಗಿದ್ದ ಕಿಂಡಿಗೆ ಹಾಕಿ ತಿರುಗಿಸಿದ. ಕಾರು ಸುಮ್ಮನಾಯಿತು. ಕೀಯನ್ನು ಮತ್ತೆ ಕುಡಿಕೆಗೇ ಹಾಕಿದ.

"ದಾರೀಲಿ ಏನಾದ್ರೂ ಆದ್ರೆ ಯಾರು ದಿಕ್ಕು?" ಎಂದು ಅತ್ತೆ-ಅಳಿಯನ ಜೊತೆ ರಾಮಾಂಜಿನಪ್ಪನೂ ಹೊರಟ. ಯಾವುದಕ್ಕೂ ಇರಲಿ ಎಂದು ಸೌಟು, ತಂತಿ ಎರಡನ್ನೂ ಕಾರಿನೊಳಗೆ ಇಟ್ಟುಕೊಂಡ.

ಮೈಸೂರು ರಸ್ತೆಯ ಬಿಸಿಲಿಗೂ ಗಾಳಿಗೂ ಹ್ಯಾಂಡಲ್ಲುಗಳು ಒಣಗಿದವು. ರಾಮನಗರದ ಹತ್ತಿರ ನಿಲ್ಲಿಸಿ ನೋಡಿದರೆ, ಆಹಾ, ಮುಟ್ಟಿದ ಕೂಡಲೇ ಬಾಗಿಲು ತೆರೆಯಿತು! ಚಕ್ರಪಾಣಿ ಸುಮ್ಮಸುಮ್ಮನೆ ನಾಲ್ಕೈದು ಸಲ ತೆರೆದು ಮುಚ್ಚಿದ. ಯಾರೂ ಬೇಡ ಎನ್ನಲಿಲ್ಲ.

ರಾಹುಕಾಲಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಹೊಳೆ ತಲುಪಿದರು. ಚಪ್ಪಲಿ, ಪರ್ಸು, ಫೋನು, ಬದಲಿ ಬಟ್ಟೆ ಎಲ್ಲವನ್ನೂ ಕಾರಿನಲ್ಲೇ ಬಿಟ್ಟು ಎಲ್ಲರೂ ಇಳಿದರು. ಸೊಂಟ ಮುಟ್ಟುವಷ್ಟು ನೀರಿನಲ್ಲಿ ನಿಂತು ಚಕ್ರಪಾಣಿ ಅಸ್ಥಿ ಬಿಟ್ಟ. ಕುಡಿಕೆಯ ತಳದಲ್ಲಿ ಕೀ ಉಳಿಯಿತು. ಅನುಮಾನಿಸಿ ದಡದ ಕಡೆ ನೋಡಿದ.

"ಚಿತೆಯಿಂದ ಬಂದದ್ದು ಮನೆಗೆ ವಾಪಸ್ ಒಯ್ಯೋ ಹಾಗಿಲ್ಲ," ಎಂದರು ಪುರೋಹಿತರು.

"ಬಿಟ್ಬಿಡಿ," ಎಂದರು ಭಾಗೀರಥಮ್ಮ ಕಣ್ಣೊರೆಸಿಕೊಳ್ಳುತ್ತ. "ಹ್ಯಾಂಡಲ್ ಸರಿಯಾಯ್ತಲ್ಲ. ಅವರ ಕೀ ಅವರ ಜೊತೆಗೇ ಹೋಗ್ಲಿ. ಲೋಪ ಇಲ್ದೆ ಮಾಡಿದ್ರಿ. ಸಮಾರಾಧನೆವರೆಗೂ ಯಾಕೆ, ಇವತ್ತಿಂದಾನೇ ಕಾರು ನಿಮ್ದು, ಅಳಿಯಂದ್ರೇ."

ಆ ಮಾತು ಕೇಳಿ ಚಕ್ರಪಾಣಿಯ ಎದೆ ತುಂಬಿತು. ಮಡುವಿನ ಆಳ ನೋಡಿ ಕೀ ಎಸೆದ. ಮೂಗು ಹಿಡಿದು ಮೂರು ಸಲ ತಲೆ ಮುಳುಗುವಂತೆ ಮಿಂದ. ಜೀವನದಲ್ಲಿ ಮೊದಲ ಬಾರಿಗೆ ಕಾರಿನ ಯಜಮಾನನಂತೆ ಮೆಟ್ಟಿಲು ಹತ್ತಿ ಬಂದು, ಹ್ಯಾಂಡಲ್ ಮುಟ್ಟಿದ.

ಬಾಗಿಲು ತೆರೆಯಲಿಲ್ಲ. ಮತ್ತೆ ಮುಟ್ಟಿದ. ಆಮೇಲೆ ಅವನ ಕೈ ತಾನಾಗಿಯೇ ಸೊಂಟದ ಮಡಿಕೆಗೆ ಹೋಯಿತು. ರಿಮೋಟು ಅಲ್ಲೇ ಭದ್ರವಾಗಿತ್ತು. ಹೊರತೆಗೆದು ಬಗ್ಗಿಸಿದರೆ ಗಿಂಡಿಯಿಂದ ಬಿದ್ದಂತೆ ನೀರು ಸುರಿಯಿತು.

"ತಂತಿ! ಸೌಟು!" ಎಂದ ಚಕ್ರಪಾಣಿ.

"ಕಾರೊಳಗವೆ ಸಾಮಿ," ಎಂದ ರಾಮಾಂಜಿನಪ್ಪ.

ಭಾಗೀರಥಮ್ಮನವರು ಕಾರಿನ ನೆರಳಿನಲ್ಲಿ ಮೆಲ್ಲಗೆ ಕುಳಿತರು. ಒದ್ದೆ ಪಂಚೆಯಲ್ಲಿ ನಡುಗುತ್ತ ನಿಂತ ಅಳಿಯನನ್ನು ನೋಡಿದರು, ಆಮೇಲೆ ಹರಿಯುವ ಹೊಳೆಯನ್ನು ನೋಡಿದರು.

"ಕೊನೆಗೂ ಕೊಡ್ಲಿಲ್ಲ ನೋಡಿ ಅವ್ರು," ಎಂದರು.