ಕೀಲಿ ಬಿದ್ದ ಚಾಕು

ನಮ್ಮ ಭಾವನಷ್ಟು ಚೆನ್ನಾಗಿ ಗಡಿಯಾರ ರಿಪೇರಿ ಬಲ್ಲವರು ಆಗಿನ ಶಿರಸಿ ಪೇಟೆಯಲ್ಲಿ ಇನ್ನೊಬ್ಬರಿರಲಿಲ್ಲ. ಹೊತ್ತೆಷ್ಟಾಯಿತೆಂದು ಗೊತ್ತಿಲ್ಲದವರೂ ಅವರಷ್ಟು ಇನ್ನೊಬ್ಬರಿರಲಿಲ್ಲ! ಅಕ್ಕನ ಗಂಡ ಎಂಬ ಗೌರವಕ್ಕೆ ಇಷ್ಟಕ್ಕೇ ನಿಲ್ಲಿಸುತ್ತೇನೆ ಎಂದುಕೊಳ್ಳಬೇಡಿ. ನಾಲ್ಕು ವರ್ಷ ಅವರ ಮನೆಯಲ್ಲಿ ಉಂಡು ಮಾಸ್ತರಿಕೆ ಮಾಡಿದವನು ನಾನು. ಏನೇನು ಉಂಡೆ ಎಂಬುದನ್ನು ಕೇಳಿದರೆ ನೀವೇ ನನಗೆ ಹೇಳುವ ಹಕ್ಕು ಕೊಡುತ್ತೀರಿ.

ಎಲ್ಲ ಶುರುವಾದದ್ದು ಒಂದು ಮಡಚುವ ಚಾಕುವಿನಿಂದ. ಹುಬ್ಬಳ್ಳಿಗೆ ಹೋದಾಗ ಭಾವ ಅದನ್ನು ಅಕ್ಕನಿಗೆಂದು ಬಹಳ ಪ್ರೀತಿಯಿಂದ ತಂದಿದ್ದರು. ಯಲ್ಲಾಪುರದ ಹತ್ತಿರದ ಚಂದಗುಳಿಯ ಗಣಪತಿ ಗುಡಿಗೆ ಹೋದ ದಿನ ಅಕ್ಕ ಅದರ ತುದಿಯಿಂದ ಪ್ರಸಾದದ ಕಾಯಿಕಡಿಯ ತಿರುಳನ್ನು ಮೀಟಿದಳು. ಮೀಟಿದ ಒತ್ತಡಕ್ಕೆ ಚಾಕು ಹಿಂದಕ್ಕೆ ಮಡಚಿ ಅವಳ ಬಲಗೈ ತೋರುಬೆರಳನ್ನೇ ಕಚ್ಚಿತು. ಯಲ್ಲಾಪುರದಲ್ಲಿ ಮೈಸೂರಿನ ಕಡೆಯಿಂದ ಹೊಸದಾಗಿ ಬಂದಿದ್ದ ಡಾಕ್ಟರು ಹೊಲಿಗೆ ಹಾಕಿ ಬೆರಳು ಉಳಿಸಿದರು. ಉಳಿಯಿತು, ಆದರೆ ಮೊದಲಿನಂತೆ ಮಡಚುವುದನ್ನು ಬಿಟ್ಟಿತು. ಅಕ್ಕ ಭಾವನನ್ನು ಒಂದು ಮಾತೂ ಬೈಯಲಿಲ್ಲ. ಮಡಚುವ ಚಾಕುವನ್ನು ಮಾತ್ರ ಮತ್ತೆ ಮುಟ್ಟಲಿಲ್ಲ, ಭಾವ ತಂದುಕೊಡುವ ಬೇರೆ ಯಾವ ಸಾಮಾನನ್ನೂ ಎರಡು ಸಲ ತಿರುಗಿಸಿ ನೋಡದೆ ಕೈಗೆ ತೆಗೆದುಕೊಳ್ಳಲಿಲ್ಲ.

ಭಾವನಿಗೆ ತಾಗಿದ್ದು ಅದು. ತಾನು ಕೊಟ್ಟ ಚಾಕುವನ್ನು ಅವಳು ಹೆದರದೆ ಹಿಡಿಯಬೇಕು, ಅಷ್ಟೇ ಅವರ ಹಟ. ಅದಕ್ಕಾಗಿ ತಾನಾಗಿ ಎಂದೂ ಮಡಚದ ಚಾಕುವೊಂದನ್ನು ಮಾಡಲು ಕೂತರು. ಬಿಚ್ಚಿದೊಡನೆ ಅಲಗು ಬಿಗಿಯಾಗಿ ನಿಲ್ಲಬೇಕು, ನಾವು ಬಿಡಿಸಿದಾಗ ಮಾತ್ರ ಮಡಚಬೇಕು. ಆ ಬಿಗಿಗೆ ಭಾವನ ಮಾತಿನಲ್ಲಿ ಕೀಲಿ ಎಂದು ಹೆಸರು.

ಮೊದಲನೆಯ ಚಾಕುವಿನ ಕೀಲಿ ಎಂದರೆ ಒಂದು ಮೊಳೆ. ಅಲಗು ಬಿಚ್ಚಿ, ಹಿಡಿಯ ತೂತಿನಲ್ಲಿ ಮೊಳೆ ತೂರಿಸಿಬಿಟ್ಟರೆ ಆಯಿತು. ಮೊಳೆ ಕಳೆಯಬಾರದೆಂದು ಅದಕ್ಕೊಂದು ದಾರ. ದಾರ ಕಡಿದು ಮೊಳೆ ಎಲ್ಲಿ ಹೋಯಿತೆಂದು ಎರಡು ದಿನ ಮನೆಯವರೆಲ್ಲ ಹುಡುಕಿದೆವು. ಮೂರನೆಯ ದಿನ ಹುಳಿಯ ಜೊತೆ ನನ್ನ ಬಾಳೆಲೆಗೆ ಬಿತ್ತು. ನಾನು ಹಲ್ಲು ಹಿಡಿದುಕೊಂಡು ಕೂತಿದ್ದರೆ ಭಾವ ಕೈ ಚಾಚಿದರು. “ಸಿಕ್ತಾ? ಚೊಲೋ ಆತು, ತೊಳೆದು ಕೊಡು.”

ಎರಡನೆಯದಕ್ಕೆ ಗಡಿಯಾರದ ಸ್ಪ್ರಿಂಗು ಹಾಕಿದರು. ಯಾರ ಗಡಿಯಾರದ್ದು ಎನ್ನುತ್ತೀರಾ? ರಿಪೇರಿಗೆ ಕೊಟ್ಟ ಪುಣ್ಯಾತ್ಮನದು. ಆತ ಬಂದು ಕೇಳಿದರೆ, “ನಿಮ್ಮ ಗಡಿಯಾರ ರಿಪೇರಿ ಆಯ್ದು, ಸ್ಪ್ರಿಂಗು ಒಂದು ಇಲ್ಲೆ, ಬ್ಯಾರೆ ತರಿಸ್ತೆ” ಎಂದರು. ಈ ಸಲ ಕೀಲಿ ಎಷ್ಟು ಬಿಗಿಯಾಗಿ ಬಿತ್ತೆಂದರೆ ಮತ್ತೆ ಏಳಲೇ ಇಲ್ಲ. ಬಿಚ್ಚಿದ ಚಾಕು ಬಿಚ್ಚಿಯೇ ಉಳಿಯಿತು. ಯಾರಾದರೂ ಗಟ್ಟಿಗರು ಮಡಚಿಕೊಟ್ಟಾರೆಂದು ಭಾವ ಅದನ್ನು ಹುಲೇಕಲ್ಲಿನ ಮದುವೆಗೆ ಹಿಡಿದುಕೊಂಡೇ ಹೊರಟರು. ಚಪ್ಪರದ ಬಾಗಿಲಲ್ಲಿ ಬಿಚ್ಚಿದ ಚಾಕು ಹಿಡಿದು ನಿಂತ ನೆಂಟನಿಗೆ ಪಾನಕ ಕೊಡಲು ಯಾರು ಮುಂದೆ ಬರುತ್ತಾರೆ? ನನಗೂ ಸಿಗಲಿಲ್ಲ, ಜೊತೆಗಿದ್ದೆನಲ್ಲ! ಮನೆಗೆ ಬಂದ ರಾತ್ರಿ ಭಾವ ಒಬ್ಬರೇ ಕೂತು ಒತ್ತಿದಾಗ ಅದು ಥಟ್ಟನೆ ಮಡಚಿತಂತೆ.

ಮೂರನೆಯದರ ಹೊತ್ತಿಗೆ ಬೆಂಡೆಕಾಯಿ ಬಂತು. ಬೆರಳಿನಷ್ಟೇ ಉದ್ದ, ಬೆರಳಿನಷ್ಟೇ ದಪ್ಪ. ಚಾಕು ಬಿಚ್ಚಿ, ಹಿಡಿಯ ಸಂದಿಯಲ್ಲಿ ಬೆಂಡೆಕಾಯಿ ಇಟ್ಟು, ಅಲಗಿನ ಬೆನ್ನನ್ನು ಮೇಜಿಗೆ ಒತ್ತುವುದು. ಕೀಲಿ ಸೋತರೆ ಬೆಂಡೆಕಾಯಿ ಎರಡು ತುಂಡು. ದಿನಕ್ಕೆ ಇಪ್ಪತ್ತು ಮೂವತ್ತು ತುಂಡಾಗುತ್ತಿದ್ದವು. ತುಂಡಾದದ್ದನ್ನು ಎಸೆಯಲಾಗುತ್ತದೆಯೇ? ಬೆಂಡೆಕಾಯಿ ಹುಳಿ, ಬೆಂಡೆಕಾಯಿ ಪಲ್ಯ, ಬೆಂಡೆಕಾಯಿ ಸಾಸಿವೆ. ಒಂದು ದಿನ ನಾನು ತಡೆಯಲಾರದೆ ಕೇಳಿದೆ, “ಭಾವಾ, ಸೌತೆಕಾಯಿಲ್ಲಿ ಪರೀಕ್ಷೆ ಮಾಡಲೆ ಆಗ್ತಿಲ್ಯಾ?”

“ನಿನ್ನ ಅಕ್ಕನ ಬೆರಳು ಸೌತೆಕಾಯಿಯಷ್ಟು ದಪ್ಪ ಇದ್ದನಾ?” ಎಂದರು ಭಾವ, ತಲೆ ಎತ್ತದೆ.

ನಾಲ್ಕನೆಯದು ಗೆದ್ದಿತು. ಅಲಗಿನ ಬುಡದಲ್ಲೊಂದು ಕಚ್ಚು, ಹಿಡಿಯ ಬೆನ್ನಿನಲ್ಲೊಂದು ಉಕ್ಕಿನ ಪಟ್ಟಿ, ಪಟ್ಟಿಯ ಕೆಳಗೆ ಸ್ಪ್ರಿಂಗು. ಬಿಚ್ಚಿದರೆ ಪಟ್ಟಿಯ ಮೂಗು ಕಚ್ಚಿನೊಳಗೆ ಟಕ್ಕೆಂದು ಕೂರುತ್ತಿತ್ತು. ಬೆನ್ನಿನ ಮೇಲೆ ಹೆಬ್ಬೆರಳು ಒತ್ತಿದರೆ ಮೂಗು ಎದ್ದು ಅಲಗು ಮಡಚುತ್ತಿತ್ತು. ನೂರು ಸಲ ಒತ್ತಿದರೂ ಒಂದು ಬೆಂಡೆಕಾಯಿಗೂ ಗಾಯವಿಲ್ಲ. ಭಾವ ಅದನ್ನು ಅಕ್ಕನ ಮುಂದೆ ಹಿಡಿದರು. ಅವಳು ಮೆಟ್ಟುಗತ್ತಿಯ ಮಣೆಯನ್ನು ಕಾಲಲ್ಲಿ ಮೆಟ್ಟಿ ಕೂತು ಬದನೆಕಾಯಿ ಹೆಚ್ಚುತ್ತಿದ್ದಳು.

“ಚೊಲೋ ಇದ್ದು, ಅಲ್ಲಿಡಿ” ಎಂದಳು. “ಎಂಗೆ ಈ ಮೆಟ್ಟುಗತ್ತಿಯೇ ಸಾಕು. ಇದು ಮಡಚ್ತಿಲ್ಲೆ.”

ಭಾವನ ಮುಖ ನೋಡಲಾಗಲಿಲ್ಲ ನನಗೆ. ಆದರೂ ಮನುಷ್ಯ ಸೋಲುವವರಲ್ಲ. “ಬೆರಳು ಹೊಲಿದ ಡಾಕ್ಟರೇ ಒಪ್ಪಿದರೆ ನಿನ್ನ ಅಕ್ಕ ಒಪ್ಪದೇ ಎಂತ ಮಾಡ್ತು?” ಎಂದು ಚಾಕುವನ್ನು ಯಲ್ಲಾಪುರಕ್ಕೆ ಅಂಚೆಯಲ್ಲಿ ಕಳಿಸಿದರು. ಜೊತೆಗೆ ತಮ್ಮ ದುಂಡಕ್ಷರದಲ್ಲಿ ಸೂಚನೆ: ‘ಉಪಯೋಗಿಸುವ ಮುನ್ನ ಕೀಲಿ ಬಿದ್ದಿದೆಯೇ ಎಂದು ಸರಿಯಾಗಿ ನೋಡತಕ್ಕದ್ದು. ಮಡಚುವ ಮುನ್ನ ಕೀಲಿ ತೆಗೆಯತಕ್ಕದ್ದು.’

ವಾರದ ಮೇಲೆ ಉತ್ತರ ಬಂತು. ಭಾವ ಒಡೆದು ಓದಿದರು. ಡಾಕ್ಟರು ಬರೆದಿದ್ದರು: ‘ಚಾಕು ಬಹಳ ಚೆನ್ನಾಗಿದೆ. ನೀವು ಹೇಳಿದಂತೆ ಕೀಲಿ ಎಲ್ಲೋ ಬಿದ್ದುಹೋಗಿದೆ. ಹುಡುಕಿದರೂ ಸಿಗಲಿಲ್ಲ. ಸದ್ಯ ಹಾಗೆಯೇ ಉಪಯೋಗಿಸುತ್ತಿದ್ದೇನೆ. ಇನ್ನೊಂದು ಕೀಲಿ ಕಳಿಸಿಕೊಡಿ.’

“ಕೀಲಿ ಬಿದ್ದು ಹೋತಡ. ಹಾಂಗೇ ಬಳಸ್ತಾ ಇದ್ವಡ” ಎಂದರು ಭಾವ. ದಿನಕ್ಕೆ ಹತ್ತು ಜನರ ಗಾಯ ಹೊಲಿಯುವ ಬೆರಳು ಅದು! ಅಂಗಿ ತೊಟ್ಟು ಹೊರಟೇಬಿಟ್ಟರು. ಒಳಗಿನಿಂದ ಅಕ್ಕ ಸೀರೆ ಬದಲಿಸಿ ಬಂದಳು. “ನಿಂಗ ಒಬ್ರೇ ಹೋಪದು ಬೇಡ, ಆನೂ ಬತ್ತೆ.” ಶನಿವಾರ ಶಾಲೆ ಅರ್ಧ ದಿನವಾದ್ದರಿಂದ ನಾನೂ ಜೊತೆಯಾದೆ. ಬಸ್ಸು ಮಂಚಿಕೇರಿ ದಾಟುವವರೆಗೂ ಭಾವ ಆ ಕಾಗದವನ್ನೇ ಮತ್ತೆ ಮತ್ತೆ ಓದಿದರು. ನನಗೂ ನಿಜವಾಗಿ ಹೆದರಿಕೆಯಾಗಿತ್ತು.

ಡಾಕ್ಟರು ಜಗಲಿಯಲ್ಲಿ ಕೂತು ಅದೇ ಚಾಕುವಿನಿಂದ ಪೇರಲಹಣ್ಣು ಹೆಚ್ಚುತ್ತಿದ್ದರು. ಭಾವ ನಮಸ್ಕಾರವನ್ನೂ ಹೇಳದೆ ಓಡಿಹೋಗಿ ಚಾಕು ಕಿತ್ತುಕೊಂಡು, ಅವರ ಎರಡೂ ಕೈ ಹಿಡಿದು ಬೆರಳು ಎಣಿಸತೊಡಗಿದರು. ಹತ್ತೂ ಇದ್ದವು.

“ಏನ್ರೀ ಇದು! ಕೀಲಿ ತಂದ್ರಾ?” ಎಂದರು ಡಾಕ್ಟರು.

“ಕೀಲಿ ಇಲ್ಲೇ ಉಂಟಲ್ಲ ಸಾಹೇಬ್ರೆ” ಎಂದು ಭಾವ ಬೆನ್ನಿನ ಪಟ್ಟಿ ತೋರಿಸಿದರು.

“ಅದು ಬೀಗ ಕಣ್ರೀ. ಅದರ ಕೀಲಿ ಎಲ್ಲಿ?”

“ಬೀಗ ಅಂದ್ರೂ ಕೀಲಿ ಅಂದ್ರೂ ಒಂದೇ ಅಲ್ದಾ? ನೀವು ಕೇಳೋದು ಕೀಲಿಕೈಯಾ?”

ಅವರ ಕಡೆ ಕೀಲಿ ಎಂದರೆ ಕೀಲಿಕೈ, ನಮ್ಮ ಕಡೆ ಕೀಲಿ ಎಂದರೆ ಬೀಗ! ರಾಜ್ಯ ಒಂದಾಗಿ ನಾಲ್ಕೈದು ವರ್ಷವಾಗಿತ್ತು, ಈ ಒಂದು ಮಾತು ಇನ್ನೂ ಒಂದಾಗಿರಲಿಲ್ಲ. ‘ಕೀಲಿ ಬಿದ್ದಿದೆಯೇ ನೋಡಿ’ ಎಂದದ್ದಕ್ಕೆ ಡಾಕ್ಟರು ಮೇಜಿನಡಿ ಬಗ್ಗಿ ನೋಡಿದ್ದರು. ಕಂಪೌಂಡರನಿಂದ ನೆಲ ಗುಡಿಸಿಸಿದ್ದರು. ಕೀಲಿಯಿಲ್ಲದೆ ಮಡಚುವುದು ಹೇಗೆಂದು ತಿಳಿಯದೆ ಚಾಕುವನ್ನು ವಾರವಿಡೀ ಬಿಚ್ಚಿಯೇ ಲೋಟದಲ್ಲಿ ನಿಲ್ಲಿಸಿದ್ದರು. ನಾವೆಲ್ಲ ನಕ್ಕೆವು.

ನಗುತ್ತಲೇ ಡಾಕ್ಟರು ಭಾವನ ಎಡಗೈಯನ್ನು ಬೆಳಕಿಗೆ ಹಿಡಿದರು. “ನನ್ನ ಬೆರಳು ಇರಲಿ, ನಿಮ್ಮದೇನ್ರೀ ಇದು?” ತೋರುಬೆರಳಿನ ಮೇಲೆ ಒಂದರ ಪಕ್ಕ ಒಂದು, ಮೂರು ಗಾಯದ ಗೆರೆಗಳಿದ್ದವು.

ಭಾವ ಕೈ ಎಳೆದುಕೊಳ್ಳಲು ನೋಡಿದರು, ಆಗಲಿಲ್ಲ. “ಬೆಂಡೆಕಾಯಿಗೆ ಎಂತ ಗೊತ್ತಾಗ್ತದೆ ಸಾಹೇಬ್ರೆ?” ಎಂದರು ಮೆಲ್ಲಗೆ. “ಇವಳ ಕೈಗೆ ಕೊಡೋದು. ನಾಲ್ಕು ಚಾಕು ಮಾಡಿದೆ. ಪ್ರತಿ ಸಲ ಕೊನೆಗೆ ನನ್ನ ಬೆರಳು ಇಟ್ಟೇ ನೋಡ್ತಿದ್ದೆ.”

“ಮೂರೇ ಗೆರೆ ಇದೆ. ನಾಲ್ಕನೇ ಚಾಕು?”

“ಅದು ಕಚ್ಚಲಿಲ್ಲ.”

ಅಕ್ಕ ಮುಂದೆ ಬಂದು ಭಾವನ ಕೈಯಿಂದ ಚಾಕು ತೆಗೆದುಕೊಂಡಳು. ತಿರುಗಿಸಿ ನೋಡಲಿಲ್ಲ. ಉಳಿದ ಪೇರಲಹಣ್ಣನ್ನು ಹೆಚ್ಚಿ ಎಲ್ಲರಿಗೂ ಕೊಟ್ಟಳು, ಬೆನ್ನು ಒತ್ತಿ ಚಾಕು ಮಡಚಿದಳು, ಸೆರಗಿಗೆ ಕಟ್ಟಿಕೊಂಡಳು. “ನಿಮಗೆ ಇನ್ನೊಂದು ಮಾಡಿ ಕಳಿಸ್ತಾರೆ” ಎಂದು ಡಾಕ್ಟರಿಗೆ ಹೇಳಿದಳು.

ಆಗೆಲ್ಲ ಬಸ್ಸಿನಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ಆ ಸಂಜೆ ಅಕ್ಕ ಹಿಂದೆ ಬಂದು ಭಾವನ ಪಕ್ಕದಲ್ಲೇ ಕೂತಳು. ಮುಂದೆ ಜಾಗ ಇದೆಯಮ್ಮ ಎಂದ ಕಂಡಕ್ಟರು.

“ಇಲ್ಲೇ ಅಡ್ಡಿಲ್ಲೆ” ಎಂದಳು ಅಕ್ಕ. ಶಿರಸಿ ಬರುವವರೆಗೂ ಅವಳು ಭಾವನ ಆ ಬೆರಳನ್ನು ಬಿಡಲಿಲ್ಲ.