ಎಡ ಹಿಂದಿನ ಗಾಲಿಯ ಬ್ರೇಕ್ ಪ್ಯಾಡಿನ ವಿಷಯದಲ್ಲಿ ತಾವು ನಿಜ ಹೇಳಿದ ಬಗ್ಗೆ ದೂರು

ಗಾಲಿಕುಲತಿಲಕ, ಗ್ರೀಸ್‌ಸಾಗರಪಾರಂಗತ, ಬ್ರೇಕ್‌ಪ್ಯಾಡ್‌ಸಂಹಾರಧುರಂಧರ, ಮಡಿಕೆ ಮುರಿಯದ ಬಿಳಿಯಂಗಿಯ ಮೇಲೆ ಜನ್ಮದಲ್ಲಿ ಒಂದು ಹನಿ ಎಣ್ಣೆಯನ್ನೂ ಬೀಳಿಸಿಕೊಳ್ಳದೆ ಊರಿನ ಸಮಸ್ತ ವಾಹನಗಳ ಆಯುಷ್ಯ ನಿರ್ಣಯಿಸುವ ಶೋರೂಮಿನ ಸರ್ವಿಸ್ ಸಲಹೆಗಾರ ಮಹಾಶಯರ ದಿವ್ಯ ಸನ್ನಿಧಾನಕ್ಕೆ, ಗಾಜು ಸಾಗಿಸುವ ಹೈಬ್ರಿಡ್ ಟ್ರಕ್ಕೊಂದರ ಪಕ್ಕದ ಸೀಟಿನಿಂದ ಬಗ್ಗಿ ನಮಸ್ಕರಿಸಿ ಮಾಡಿಕೊಳ್ಳುವ ಬಿನ್ನಹ.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಾವೂ ಸದ್ಯಕ್ಕೆ ಕ್ಷೇಮ. ಆದರೆ ಕಳೆದ ವಾರ ಸ್ವಲ್ಪದರಲ್ಲಿ ನನ್ನ ಸೋದರತ್ತೆ, ಅವರ ಟ್ರಕ್ಕು, ಅದರ ಮೇಲಿದ್ದ ಆಳೆತ್ತರದ ಗಾಜು ಮತ್ತು ನಾನು ಒಟ್ಟಿಗೇ ಚೂರಾಗುವವರಿದ್ದೆವು, ಮತ್ತು ಅದಕ್ಕೆ ಏಕೈಕ ಕಾರಣ ತಾವು ಯಾವ ಮುನ್ಸೂಚನೆಯನ್ನೂ ಕೊಡದೆ ನಿಜ ಹೇಳಿಬಿಟ್ಟದ್ದು. ಇಷ್ಟು ಗಂಭೀರವಾದ ಸಂಗತಿಯನ್ನು ತಮ್ಮ ಕಿವಿಯಲ್ಲಿ ಹೇಳಿ ಮುಗಿಸುವುದು ತಮ್ಮ ಘನತೆಗೆ ಕಡಿಮೆಯೆನಿಸಿ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ಅತ್ತೆಯವರನ್ನು ತಾವು ಬಲ್ಲಿರಿ. ತಮ್ಮ ಕಾಯುವ ಕೋಣೆಯ ಮೆತ್ತನೆಯ ಸೋಫಾದಲ್ಲಿ ಕೂರದೆ, ಬಾಗಿಲಲ್ಲೇ ನಿಂತು ತಮ್ಮ ಹುಡುಗರು ಟ್ರಕ್ಕನ್ನು ಹೇಗೆ ಹಿಂದಕ್ಕೆ ತೆಗೆಯುತ್ತಾರೆಂದು ಹಲ್ಲು ಕಚ್ಚಿ ನೋಡುವ ಹೆಂಗಸು ಅವರೇ. ಗಾಜು ಸಾಗಿಸುವುದು ಅವರ ಕೆಲಸ, ಹಗ್ಗ ಬಿಗಿದು ಪಕ್ಕದಲ್ಲಿ ಕೂತು ಬೈಸಿಕೊಳ್ಳುವುದು ನನ್ನ ಕೆಲಸ. ಹೈಬ್ರಿಡ್ ಟ್ರಕ್ಕನ್ನೇ ಅವರು ಆರಿಸಿಕೊಂಡದ್ದು ಪೆಟ್ರೋಲಿನ ಮೇಲಿನ ಜಿಪುಣತನದಿಂದಲ್ಲ. ಕಾಲನ್ನು ಮೇಲೆತ್ತಿದೊಡನೆ ಮೋಟಾರೇ ಚಕ್ರಗಳನ್ನು ಮೆಲ್ಲಗೆ ಹಿಡಿದು ನಿಧಾನ ಮಾಡಿ, ಆ ಓಟವನ್ನು ಬ್ಯಾಟರಿಗೆ ತುಂಬಿಕೊಳ್ಳುವುದರಿಂದ, ಗಾಜಿಗೆ ಒಂದು ಕುಲುಕೂ ತಾಗುವುದಿಲ್ಲವೆಂಬ ಕಾರಣಕ್ಕೆ. ಅತ್ತೆಯವರು ಬ್ರೇಕ್ ತುಳಿಯುವುದು ಮಲಗಿದ ಮಗುವಿಗೆ ಹೊದಿಕೆ ಹೊದಿಸಿದಂತೆ. ಹೀಗಾಗಿ ನಮ್ಮ ಟ್ರಕ್ಕಿನಲ್ಲಿ ಬ್ರೇಕ್ ಪ್ಯಾಡುಗಳೆಂದರೆ ಸಂಬಳ ತೆಗೆದುಕೊಂಡು ಕುರ್ಚಿಯಲ್ಲಿ ತೂಕಡಿಸುವ ನೌಕರರು. ಸವೆಯಲು ಅವುಗಳಿಗೆ ಅವಕಾಶವೇ ಇಲ್ಲ.

ಅಂಥ ಪ್ಯಾಡುಗಳೂ ತಮ್ಮ ದಿವ್ಯದೃಷ್ಟಿಗೆ ಪ್ರತಿ ಸಲವೂ ಸತ್ತಂತೆಯೇ ಕಂಡವು. ಆಪರೇಷನ್ ಕೋಣೆಯಿಂದ ಹೊರಬಂದ ಡಾಕ್ಟರಿನ ಮುಖ ಮಾಡಿಕೊಂಡು, ಟ್ಯಾಬ್ಲೆಟ್ಟಿನ ಮೇಲಿನ ಕೆಂಪು ಗುರುತನ್ನು ತೋರಿಸಿ, “ಮೇಡಂ, ಈ ಸ್ಥಿತೀಲಿ ಈ ಗಾಡೀನ ನಾನಾದ್ರೆ ನನ್ನ ಹೆತ್ತಮ್ಮನ ಕೈಗೂ ಕೊಡಲ್ಲ” ಎಂದು ತಾವು ಹೇಳುತ್ತಿದ್ದುದನ್ನು ನೆನೆದರೆ ಇಂದಿಗೂ ಕೈ ಮುಗಿಯಬೇಕೆನಿಸುತ್ತದೆ. ಮೊದಲ ಸಲ ನಂಬಿ ಬದಲಾಯಿಸಿದೆವು. ಎರಡನೆಯ ಸಲವೂ ನಂಬಿದೆವು. ಆಮೇಲೆ ಮುಂಗಾಜು ಒರೆಸುವ ವೈಪರಿನ ವಿಷಯಕ್ಕೂ ತಾವು ಅದೇ ಅಮ್ಮನನ್ನು ಎಳೆದು ತಂದಾಗ, “ಪಾಪ, ಇವರಮ್ಮ ಇನ್ನೂ ನಡ್ಕೊಂಡೇ ಓಡಾಡ್ತಿರ್ಬೇಕು ಕಣೋ” ಎಂದು ಅತ್ತೆಯವರು ನನ್ನ ಕಿವಿಯಲ್ಲಿ ಮರುಗಿದರು.

ಮೂರನೆಯ ಸಲ ನಾನೊಂದು ಸಣ್ಣ ಸೇವೆ ಸಲ್ಲಿಸಿದೆ. ಟ್ರಕ್ಕನ್ನು ತಮಗೊಪ್ಪಿಸುವ ಮುನ್ನ, ಅಕ್ಕನ ಡ್ರಾಯರಿನಲ್ಲಿದ್ದ ಗುಲಾಬಿ ಉಗುರುಬಣ್ಣವನ್ನು ಚಕ್ರದ ಸಂದಿಯಿಂದ ಕೈ ತೂರಿಸಿ ಪ್ಯಾಡುಗಳ ಅಂಚಿಗೆ ಹಚ್ಚಿಟ್ಟೆ. ಸಂಜೆ ತಾವು “ಹೊಚ್ಚ ಹೊಸಾದು ಹಾಕಿಸಿದ್ದೀನಿ” ಎಂದು ಕೀಲಿ ಕೊಟ್ಟಾಗ, ಹೊಚ್ಚ ಹೊಸ ಪ್ಯಾಡುಗಳು ಸಿಂಗರಿಸಿಕೊಂಡೇ ಕೂತಿದ್ದವು. “ಕಾರ್ಖಾನೆಯೋರಿಗೆ ಎಷ್ಟು ರಸಿಕತೆ ನೋಡೋ” ಎಂದಷ್ಟೇ ಅತ್ತೆಯವರು ಹೇಳಿದರು. ಅವರು ಜಗಳವಾಡಲಿಲ್ಲ. ಬ್ಯಾಟರಿಯ ವಾರಂಟಿ ಉಳಿಯಬೇಕಾದರೆ ತಮ್ಮಲ್ಲಿಗೇ ಬರಬೇಕು, ಏನು ಮಾಡುವುದು!

ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ತಮಗೊಂದು ಸ್ಥಾನ ಸಿಕ್ಕಿತು. ತಾವು ಬೇಕೆಂದದ್ದು ಬೇಡ, ಬೇಡವೆಂದದ್ದು ತುರ್ತು. ತಾವು ಗಾಳಿ ಸೋಸುವ ಫಿಲ್ಟರ್ ಹೋಯಿತು ಎಂದರೆ ನಾವು ನಿಶ್ಚಿಂತೆಯಿಂದ ಉಣ್ಣುತ್ತಿದ್ದೆವು. ಟೈರು ಇನ್ನೂ ಗಟ್ಟಿಯಾಗಿದೆ ಎಂದರೆ ಅಂದೇ ಟೈರಿನ ಅಂಗಡಿಗೆ ಓಡುತ್ತಿದ್ದೆವು. ಸದಾ ವಿರುದ್ಧ ದಿಕ್ಕನ್ನೇ ತೋರಿಸುವ ದಿಕ್ಸೂಚಿಯೂ ದಾರಿ ತಪ್ಪಿಸುವುದಿಲ್ಲವಷ್ಟೇ? ಮಹಾಶಯರೇ, ಸರಿ ಹೇಳುವ ಸಲಹೆಗಾರರೂ ಒಮ್ಮೊಮ್ಮೆ ಎಡವುತ್ತಾರೆ. ತಾವು ಎಡವಿದ್ದೇ ಇಲ್ಲ. ನಮ್ಮ ನೆಂಟರಲ್ಲಿ ಒಬ್ಬರ ಮೇಲೂ ನಮಗೆ ಅಷ್ಟು ಭರವಸೆಯಿರಲಿಲ್ಲ.

ಹೀಗಿರುವಾಗ ಕಳೆದ ವಾರ ತಾವು, “ಎಡಗಡೆ ಹಿಂದಿನ ಚಕ್ರ, ಒಳಗಿನ ಪ್ಯಾಡ್ ಪೂರ್ತಿ ಹೋಗಿದೆ, ಇವತ್ತೇ ಹಾಕಿಸ್ಬಿಡಿ, ಇಳಿಜಾರಿಗೆ ಮಾತ್ರ ತಗೊಂಡ್ ಹೋಗ್ಬೇಡಿ ಮೇಡಂ” ಎಂದಿರಿ. ನಾವು ಕಣ್ಣಲ್ಲೇ ನಕ್ಕೆವು. ಆದರೂ ಅತ್ತೆಯವರು, “ಯಾವುದಕ್ಕೂ ಒಂದ್ಸಲ ಬಗ್ಗಿ ನೋಡೋ” ಎಂದರು. ನಾನು ತಮ್ಮದೇ ಡಾಕ್ಟರ್ ಮುಖವನ್ನು ಎರವಲು ಪಡೆದು, ಚಕ್ರದ ಸಂದಿಯಿಂದ ಟಾರ್ಚು ಬಿಟ್ಟು, ಕಾಣುವ ಹೊರಗಿನ ಪ್ಯಾಡನ್ನು ನೋಡಿ, ಕಾಣದ ಒಳಗಿನದನ್ನೂ ಸೇರಿಸಿ, “ಕಲ್ಲು ಇದ್ದಂಗಿದೆ ಅತ್ತೆ” ಎಂದು ಸಾರಿದೆ.

ಮರುದಿನ ಗ್ರಂಥಾಲಯದ ಮುಂಬಾಗಿಲ ಗಾಜನ್ನು ಹೇರಿಕೊಂಡು ಇಳಿಜಾರಿನ ಬೀದಿಯಲ್ಲಿ ಇಳಿಯುತ್ತಿದ್ದಾಗ, ಆ ವಯಸ್ಸಿನಲ್ಲಿ ಸೈಕಲ್ ಕಲಿಯಲು ಹೊರಟ ಹಿರಿಯರೊಬ್ಬರು ಎರಡೂ ಕಾಲನ್ನು ಮೇಲೆತ್ತಿಕೊಂಡು ಅಡ್ಡರಸ್ತೆಯಿಂದ ನೇರ ನಮ್ಮೆದುರಿಗೆ ಬಂದರು. ಅತ್ತೆಯವರು ಮೊಟ್ಟಮೊದಲ ಬಾರಿಗೆ ಬ್ರೇಕನ್ನು ಬ್ರೇಕಿನಂತೆ ತುಳಿದರು. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಕಿರುಚಾಟದೊಂದಿಗೆ ಟ್ರಕ್ಕು ಬಲಕ್ಕೆ ಸೊಟ್ಟಗೆ ಎಳೆದು, ಹಿರಿಯರನ್ನು ಬಿಟ್ಟು, ಕ್ಷೌರದಂಗಡಿಯ ಬಾಗಿಲಿಗೆ ಗೇಣಷ್ಟು ದೂರದಲ್ಲಿ ನಿಂತಿತು. ಒಳಗೆ ಮುಖದ ತುಂಬ ನೊರೆ ಬಳಿಸಿಕೊಂಡಿದ್ದ ಗಿರಾಕಿ ಕುರ್ಚಿಯಿಂದ ಎದ್ದೇಬಿಟ್ಟ. ಕ್ಷೌರಿಕರು ಮಾತ್ರ ಕತ್ತಿಯನ್ನು ಕೆಳಗಿಡದೆ, “ಸರದಿ ಪ್ರಕಾರ ಬನ್ನಿ ತಾಯಿ, ಮುಂದೆ ಇಬ್ಬರಿದಾರೆ” ಎಂದರು. ಗಾಜು ಒಡೆಯಲಿಲ್ಲ. ಅತ್ತೆಯವರು ಇಳಿದು ಹೋಗಿ ಗಾಜಿನ ಅಂಚುಗಳನ್ನು ಒಂದೊಂದಾಗಿ ಸವರಿ ನೋಡಿದರು. ಅವರು ನನಗೆ ಬೈಯಲೇ ಇಲ್ಲ. ಅದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ನಾನೇ ಚಕ್ರ ಬಿಚ್ಚಿ ನೋಡಿದರೆ ತಾವು ಹೇಳಿದ್ದು ಅಕ್ಷರಶಃ ಸತ್ಯ. ಕೆಲಸವಿಲ್ಲದೆ ಕೂತು ಕೂತು, ಪ್ಯಾಡುಗಳನ್ನು ಹಿಂದೆ ಮುಂದೆ ಸರಿಸುವ ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿದೆ. ಒಳಗಿನದು ಹಿಂದೆ ಸರಿಯಲಾರದೆ ಡಿಸ್ಕಿಗೆ ಅಂಟಿ ಉಜ್ಜಿ ಉಜ್ಜಿ ಬರಿಯ ತಗಡಾಗಿದೆ. ಹೊರಗಿನದು ಕಲ್ಲು ಇದ್ದಂಗೇ ಇದೆ.

ಇದು ಯಾವ ನ್ಯಾಯ? ಸುಳ್ಳಿಗೆ ಬಳಸಿದ ಮುಖವನ್ನೇ, ದನಿಯನ್ನೇ, ಕೆಂಪು ಗುರುತನ್ನೇ ನಿಜಕ್ಕೂ ಬಳಸಿದರೆ ಗಿರಾಕಿಯಾದವನು ಯಾವ ದೇವರಿಗೆ ಮೊರೆಯಿಡಬೇಕು? ಆದ್ದರಿಂದ ಕೆಲವು ಸಣ್ಣ ಬೇಡಿಕೆಗಳನ್ನು ತಮ್ಮ ಪಾದದ ಬಳಿ ಇಡುತ್ತೇನೆ. ನಿಜ ಹೇಳಬೇಕೆನಿಸಿದ ದಿನ ತಾವು ದಯವಿಟ್ಟು ಅಂಗಿಗೆ ಒಂದಿಷ್ಟು ಗ್ರೀಸು ಬಳಿದುಕೊಂಡು ಬರಬೇಕು. ಅದಾಗದಿದ್ದರೆ ವಾರದಲ್ಲಿ ಒಂದು ದಿನವನ್ನು, ಬುಧವಾರವಾದರೂ ಸರಿ, ಸತ್ಯಕ್ಕೆಂದು ಮೀಸಲಿಟ್ಟು ಬಾಗಿಲಲ್ಲಿ ಬೋರ್ಡು ತೂಗುಹಾಕಬೇಕು. ಪ್ಯಾಡುಗಳಿಗೇ ಮಾತು ಕಲಿಸಿಕೊಡಲು ಸಾಧ್ಯವಾದರೆ ಇನ್ನೂ ಉತ್ತಮ, ಆದರೆ ತರಬೇತಿಯನ್ನು ತಮ್ಮ ಶೋರೂಮಿನಲ್ಲಿ ಕೊಡಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮ ಮಾತೃಶ್ರೀಯವರನ್ನು ಒಮ್ಮೆ ನಮ್ಮ ಟ್ರಕ್ಕಿನಲ್ಲಿ ಆ ಇಳಿಜಾರಿಗೆ ಕರೆದೊಯ್ಯಲು ಅನುಮತಿ ಕೊಡಬೇಕು. ಅಂದು ತಾವು ಪ್ಯಾಡುಗಳ ಬಗ್ಗೆ ಏನು ಹೇಳುತ್ತೀರೋ ಅದನ್ನು ಎರಡು ಮಾತಿಲ್ಲದೆ ನಂಬುತ್ತೇವೆ.

ತಮ್ಮ ಮೇಲಿನ ಅಚಲ ಅವಿಶ್ವಾಸವನ್ನು ತಮ್ಮಿಂದಲೇ ಕಳೆದುಕೊಂಡು ಅನಾಥನಾದ,
ಗಾಜಿನ ಟ್ರಕ್ಕಿನ ಅಳಿಯ

ಮರೆತ ಮಾತು: ನಮ್ಮ ಮನೆಯಲ್ಲಿ ತಮಗಿದ್ದ ದಿಕ್ಸೂಚಿಯ ಹುದ್ದೆ ಈಗ ತಮ್ಮದಲ್ಲ. “ಅವನು ಬೇಕಂತ ಸುಳ್ಳು ಹೇಳ್ತಾನೆ, ನೀನು ನೋಡ್ದೇನೇ ನಿಜ ಅಂತ ಹೇಳ್ತೀಯ, ಇನ್ಮೇಲೆ ನೀನು ಏನಂತೀಯೋ ಅದರ ಉಲ್ಟಾ ಮಾಡ್ತೀನಿ” ಎಂದು ಅತ್ತೆಯವರು ಅದನ್ನು ನನಗೆ ದಯಪಾಲಿಸಿದ್ದಾರೆ. ಟ್ರಕ್ಕನ್ನು ಮತ್ತೆ ಆ ಶೋರೂಮಿಗೆ ಒಯ್ಯಲೇಬೇಡಿ, ಬ್ರೇಕಿಗೆ ಏನೂ ಆಗಿಲ್ಲ, ಪಿನ್ನಿಗೆ ನಾನೇ ಎರಡು ಹನಿ ಎಣ್ಣೆ ಬಿಡುತ್ತೇನೆ ಎಂದು ನಿನ್ನೆ ರಚ್ಚೆ ಹಿಡಿದು ಕೂತೆ. ನಾಳೆ ಬೆಳಿಗ್ಗೆ ಅವರು ತಮ್ಮ ಬಾಗಿಲಲ್ಲಿ ನಿಂತಿರುತ್ತಾರೆ. ನಾಲ್ಕೂ ಚಕ್ರ ಬಿಚ್ಚಿ, ಒಳಗಿನದನ್ನೂ ಹೊರಗಿನದನ್ನೂ ಸರಿಯಾಗಿ ನೋಡಿ. ಅವರು ಬರಲಿ ಎಂದೇ ನಾನು ಬೇಡವೆಂದದ್ದು.